ಗುಡ್ಡದ ಹುಲ್ಲಿನ ಮೇಲೆ ಸಸಿ ನೆಡುವ ಮುನ್ನ

ಪ್ರಶ್ನೆ: ನಮ್ಮದು ಕಳಸದ ಹತ್ತಿರದ ಊರು. ಎದುರಿನ ಎತ್ತರದ ಗುಡ್ಡಗಳಲ್ಲಿ ಹಳ್ಳ ಹರಿಯುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡಿದೆ, ಉಳಿದ ಇಳಿಜಾರೆಲ್ಲ ಬರೀ ಹುಲ್ಲು. ಹಿಂದೆ ಕಾಡು ಕಡಿದದ್ದರಿಂದ ಮಣ್ಣು ಬರಡಾಗಿ ಹೀಗಾಗಿದೆ ಎನ್ನುತ್ತಾರೆ. ನಮ್ಮ ಯುವಕ ಸಂಘದವರು ಈ ಮಳೆಗಾಲದಲ್ಲಿ ಅಲ್ಲಿ ಸಸಿ ನೆಟ್ಟು, ಬೀಜದುಂಡೆ ಎಸೆಯಬೇಕೆಂದಿದ್ದೇವೆ. ಯಾವ ಜಾತಿ ಸೂಕ್ತ? ಇನ್ನೊಂದು ವಿಷಯ. ಕಾಡಿನ ಕಪ್ಪು ಮಣ್ಣು ತಂದು ಹಿತ್ತಲಿನ ತರಕಾರಿ ಮಡಿಗೆ ಹಾಕಿದ್ದೆವು. ಮೊದಲ ವರ್ಷ ಫಸಲು ಚೆನ್ನಾಗಿತ್ತು, ಮೂರನೇ ವರ್ಷಕ್ಕೆ ಮಣ್ಣಿನಲ್ಲಿ ಸತ್ವವೇ ಇಲ್ಲ. ಅಷ್ಟು ದೊಡ್ಡ ಮರ ಬೆಳೆಸುವ ಮಣ್ಣಿಗೆ ನಮ್ಮ ಬದನೆ ಗಿಡ ಬೆಳೆಸಲು ಆಗದೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಆ ಎತ್ತರದ ಹುಲ್ಲಿನ ಇಳಿಜಾರಿನಲ್ಲಿ ಸಸಿ ನೆಡಬೇಡಿ, ಬೀಜದುಂಡೆಯನ್ನೂ ಎಸೆಯಬೇಡಿ. ನಿಮ್ಮ ಸಂಘದ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಅದೇ ಗುಡ್ಡದಲ್ಲಿ ಮಾಡಬೇಕಾದ ಬೇರೆ ಕೆಲಸ ಬೇಕಾದಷ್ಟಿದೆ, ಅದನ್ನು ಮುಂದೆ ಬರೆಯುತ್ತೇನೆ. ನೀವು ಕೇಳಿದ ಎರಡೂ ಪ್ರಶ್ನೆಗಳಿಗೆ ಬೇರು ಒಂದೇ. ಹಿತ್ತಲಿನ ಮಡಿಯ ಕಥೆ ಅರ್ಥವಾದರೆ ಗುಡ್ಡದ ಕಥೆ ಸುಲಭ, ಹಾಗಾಗಿ ಮಣ್ಣಿನಿಂದಲೇ ಶುರು ಮಾಡುತ್ತೇನೆ.

ಕುದುರೆಮುಖದ ಸುತ್ತಿನ ಗುಡ್ಡಗಳಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗಗಳಿವೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಇಷ್ಟು ನೀರು ಲಕ್ಷಾಂತರ ವರ್ಷಗಳಿಂದ ಕಲ್ಲಿನ ಸಂದುಗೊಂದುಗಳಲ್ಲಿ ಇಳಿಯುತ್ತ ಬಂದಿದೆ. ಮಳೆನೀರು ತಾನೇ ತುಸು ಹುಳಿ. ಕೊಳೆಯುವ ಎಲೆ ಮತ್ತು ಉಸಿರಾಡುವ ಬೇರುಗಳಿಂದ ಅದಕ್ಕೆ ಇನ್ನಷ್ಟು ಆಮ್ಲ ಸೇರುತ್ತದೆ. ಆ ಆಮ್ಲ ಕಲ್ಲನ್ನು ಕರಗಿಸುವಾಗ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶಿಯಂ ಮೊದಲು ಬಿಟ್ಟುಕೊಂಡು ಹಳ್ಳ ಸೇರುತ್ತವೆ. ಸಿಲಿಕಾ ನಿಧಾನವಾಗಿ ಅವುಗಳ ಹಿಂದೆಯೇ ಹೋಗುತ್ತದೆ. ನೀರಿಗೆ ಸುಲಭವಾಗಿ ಜಗ್ಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಮತ್ತು ಕೆಯೊಲಿನೈಟ್ ಎಂಬ ಜೇಡಿ ಮಾತ್ರ ಉಳಿಯುತ್ತವೆ. ಈ ಜೇಡಿಗೆ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಬಯಲುಸೀಮೆಯ ಎರೆಮಣ್ಣಿನ ಜೇಡಿಯ ಸುಮಾರು ಹತ್ತರಲ್ಲೊಂದು ಪಾಲು. ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು), ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸು. ಅಂದರೆ ಕಾಡು ನಿಂತಿರುವ ಖನಿಜ ಮಣ್ಣು, ಬರೀ ಖನಿಜದ ಲೆಕ್ಕದಲ್ಲಿ, ಬಡವೇ.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಡ. ಮಳೆ ನಿಂತು ಧರೆ ಕುಸಿಯುವ ಭಯ ಹೋದ ಮೇಲೆ, ಕಾಡಿನ ನಡುವೆ ರಸ್ತೆಗಾಗಿ ಕಡಿದ ಧರೆಯೊಂದರ ಮುಂದೆ ನಿಲ್ಲಿ. ಎಲ್ಲಕ್ಕಿಂತ ಮೇಲೆ ಈ ವರ್ಷದ ದರಕು ಇರುತ್ತದೆ, ಯಾವ ಎಲೆ ಯಾವ ಮರದ್ದೆಂದು ಇನ್ನೂ ಗುರುತಿಸಬಹುದು. ಅದನ್ನು ಸರಿಸಿದರೆ ಹಿಂದಿನ ವರ್ಷದ ಎಲೆ. ತಿರುಳೆಲ್ಲ ಹೋಗಿ ನರಗಳ ಬಲೆ ಮಾತ್ರ ಉಳಿದಿರುತ್ತದೆ, ಎಲೆಯಿಂದ ಎಲೆಗೆ ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು ಹಬ್ಬಿರುತ್ತವೆ. ಅದರ ಕೆಳಗೆ ಕಪ್ಪು ಮಣ್ಣು, ಹರಳು ಹರಳಾಗಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳಿನಿಂದ ತಟ್ಟಿದರೆ ಉದುರುತ್ತದೆ. ಈ ಕಪ್ಪು ಪದರ ಹಲವು ಕಡೆ ಒಂದು ಗೇಣು ದಪ್ಪವೂ ಇರುವುದಿಲ್ಲ. ಅಲ್ಲಿಂದ ಕೆಳಗೆ ಕಂದು, ಆಮೇಲೆ ಹಳದಿ ಮಿಶ್ರಿತ ಕೆಂಪು ಮಣ್ಣು ಆಳೆತ್ತರಕ್ಕೂ ಮೀರಿ ಇಳಿದಿರಬಹುದು. ಹಳದಿ ಹೆಚ್ಚಿದ್ದರೆ ಅದು ಗೋಯೆಥೈಟ್, ತಂಪಾಗಿ ಸದಾ ತೇವವಾಗಿರುವ ಕಡೆ ಕಬ್ಬಿಣ ತಳೆಯುವ ರೂಪ. ಕೆಂಪು ಹೆಚ್ಚಿದ್ದರೆ ಹೆಮಟೈಟ್, ಬಿಸಿಲಿಗೆ ಒಣಗುವ ಕಡೆಯದ್ದು. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಬಣ್ಣ ಕಂಡರೆ ಅಚ್ಚರಿಪಡಬೇಡಿ. ಎಲ್ಲಕ್ಕಿಂತ ಕೆಳಗೆ ಕಲ್ಲಿನ ಗೆರೆಗಳು ಹಾಗೇ ಉಳಿದಿದ್ದರೂ ಉಗುರಿನಲ್ಲಿ ಕೆರೆದರೆ ಪುಡಿಯಾಗುವ ಮೆದು ಕಲ್ಲು.

ಈಗ ಧರೆಯಲ್ಲಿ ಬೇರುಗಳನ್ನು ಮಾತ್ರ ನೋಡಿ. ಮರವನ್ನು ನಿಲ್ಲಿಸುವ ದಪ್ಪ ಬೇರು ಅಲ್ಲೊಂದು ಇಲ್ಲೊಂದು ಆಳಕ್ಕೆ ಹೋಗಿರುತ್ತದೆ. ಆದರೆ ಉಣ್ಣುವ ಕೆಲಸದ ಕೂದಲಿನಂಥ ಬೇರುಗಳು ಬಹುತೇಕ ಎಲ್ಲ ಆ ಕಪ್ಪು ಪದರದಲ್ಲೇ ಗಿಜಿಗುಟ್ಟುತ್ತವೆ. ಕೆಲವು ಮಣ್ಣಿಗೂ ಇಳಿಯದೆ, ಕೊಳೆಯುತ್ತಿರುವ ಎಲೆಗೇ ಅಂಟಿಕೊಂಡಿರುತ್ತವೆ. ಕೆಂಪು ಮಣ್ಣಿನ ಭಾಗಕ್ಕೆ ಬರುವಷ್ಟರಲ್ಲಿ ಅವು ವಿರಳ. ಅಷ್ಟು ದೊಡ್ಡ ಮರಗಳು ಆಳದ ಮಣ್ಣನ್ನು ನಂಬಿ ಬದುಕಿಲ್ಲ, ತಮ್ಮದೇ ಎಲೆಯನ್ನು ನಂಬಿ ಬದುಕಿವೆ.

ಎಲೆ ಉದುರುತ್ತದೆ. ಗೆದ್ದಲು, ಸಹಸ್ರಪದಿ, ಎರೆಹುಳು ಅದನ್ನು ಕತ್ತರಿಸುತ್ತವೆ. ಶಿಲೀಂಧ್ರ, ಬ್ಯಾಕ್ಟೀರಿಯಾ ಕೊಳೆಸುತ್ತವೆ. ಬಿಡುಗಡೆಯಾದ ಸಾರಜನಕ, ರಂಜಕ, ಪೊಟ್ಯಾಶ್ ಮಳೆನೀರಿನ ಜೊತೆ ಇಳಿದುಹೋಗುವ ಮೊದಲೇ ಬೇರು ಹೀರಿ ಮತ್ತೆ ಎಲೆಗೆ ಏರಿಸುತ್ತದೆ. ಈ ಕಾಡಿನ ಸಂಪತ್ತು ಪೆಟ್ಟಿಗೆಯಲ್ಲಿಟ್ಟ ಗಂಟಲ್ಲ, ಕೈಯಿಂದ ಕೈಗೆ ಓಡಾಡುವ ಚಲಾವಣೆಯ ದುಡ್ಡು. ನೀವು ಬುಟ್ಟಿಯಲ್ಲಿ ತುಂಬಿ ತಂದದ್ದು ಆ ಹೊತ್ತಿಗೆ ಚಲಾವಣೆಯಲ್ಲಿದ್ದ ಒಂದಿಷ್ಟನ್ನು ಮಾತ್ರ. ಕೊಟ್ಟು ತೆಗೆದುಕೊಳ್ಳುವವರು ಕಾಡಿನಲ್ಲೇ ಉಳಿದರು.

ಹಿತ್ತಲಿಗೆ ಬಂದ ಮಣ್ಣಿಗೆ ಏನಾಯಿತು ಎಂದರೆ, ಮೊದಲು ಅದರ ಮೇಲೆ ನೇರ ಬಿಸಿಲು ಬಿತ್ತು. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಕೊಳೆಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಗುದ್ದಲಿಯಲ್ಲಿ ಅಗೆದು ಗಾಳಿಯಾಡಿಸಿದಾಗ ಅದು ಇನ್ನೂ ಜೋರಾಯಿತು. ಕಪ್ಪು ಬಣ್ಣದ ಸಾವಯವ ಅಂಶವನ್ನು ಸೂಕ್ಷ್ಮಜೀವಿಗಳು ಒಂದೆರಡು ವರ್ಷದಲ್ಲಿ ಉಣ್ಣುತ್ತ ಹೋದಂತೆ ಪೋಷಕಾಂಶ ಧಾರಾಳವಾಗಿ ಹೊರಬಂತು. ಮೊದಲ ವರ್ಷದ ಬದನೆ ಅದರ ಫಲ. ಗಿಡ ಹೀರದೆ ಉಳಿದದ್ದನ್ನು ಮಳೆ ತೊಳೆಯಿತು. ಮೇಲಿನಿಂದ ಹೊಸ ಎಲೆ ಬೀಳಲಿಲ್ಲ. ಮರದ ಬೇರು ಸಿಗದ ಶಿಲೀಂಧ್ರಗಳು ಸತ್ತವು. ಮೂರನೇ ವರ್ಷಕ್ಕೆ ಉಳಿದದ್ದು ಧರೆಯ ಕೆಳಭಾಗದಲ್ಲಿ ಕಾಣುವಂಥದ್ದೇ ಹುಳಿ ಮಣ್ಣು. ಕಾಡಿನಿಂದ ಮತ್ತೆ ಮಣ್ಣು ತರಬೇಡಿ. ಒಂದು ಗೇಣು ಕಪ್ಪು ಮಣ್ಣು ಆಗಲು ತಲೆಮಾರುಗಳೇ ಬೇಕು, ರಾಷ್ಟ್ರೀಯ ಉದ್ಯಾನದೊಳಗಿಂದ ತರುವುದಂತೂ ಕಾನೂನಿಗೆ ವಿರುದ್ಧ. ಹಿತ್ತಲಿನ ಮಣ್ಣು ಪರೀಕ್ಷೆ ಮಾಡಿಸಿ, ಹುಳಿಗೆ ತಕ್ಕಷ್ಟು ಸುಣ್ಣ ಕೊಡಿ. ಕೊಟ್ಟಿಗೆ ಗೊಬ್ಬರ ಹಾಕಿ, ವರ್ಷಪೂರ್ತಿ ಮಡಿಯ ಮೇಲೆ ಸೊಪ್ಪು–ದರಕಿನ ಹೊದಿಕೆ ಇರಲಿ. ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪು ಹಾಕುವ ಮಲೆನಾಡಿನ ಕ್ರಮ ಇದೇ ತಿಳಿವಳಿಕೆಯಿಂದ ಬಂದದ್ದು. ಮಣ್ಣಿಗೆ ವರ್ಷ ವರ್ಷವೂ ಉಣಿಸುತ್ತಿರಬೇಕು.

ಇಲ್ಲಿ ರಂಜಕದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇಂಥ ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಅದನ್ನು ಬಿಗಿಯಾಗಿ ಹಿಡಿದಿಡುತ್ತವೆ. ಬೇರಿಗೆ ಅದು ಎಟುಕುವುದಿಲ್ಲ. ಮರಗಳು ಇದಕ್ಕಾಗಿ ಶಿಲೀಂಧ್ರಗಳ ಜೊತೆ ಒಪ್ಪಂದ ಮಾಡಿಕೊಂಡಿವೆ. ಬೇರಿಗಿಂತ ಎಷ್ಟೋ ಪಾಲು ಸಪೂರವಾದ ಎಳೆಗಳು ಬೇರು ಹೋಗಲಾರದ ಸಂದಿಗೆ ನುಗ್ಗಿ ರಂಜಕ ತಂದುಕೊಡುತ್ತವೆ, ಬದಲಿಗೆ ಮರ ಸಕ್ಕರೆ ಕೊಡುತ್ತದೆ. ಜರ್ಮನಿಯ ಆಲ್ಬರ್ಟ್ ಫ್ರಾಂಕ್ 1885ರಲ್ಲಿ ಈ ಜೋಡಿಗೆ ಮೈಕೊರೈಜಾ ಎಂದು ಹೆಸರಿಟ್ಟರು. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ ಕಾಡುಮರದ ಸಸಿ ಹೊಸ ಜಾಗದಲ್ಲಿ ಸೊರಗುವುದಕ್ಕೆ ಈ ಜೊತೆಗಾರ ಇಲ್ಲದಿರುವುದೂ ಒಂದು ಕಾರಣ.

ಅಲ್ಯೂಮಿನಿಯಂ ಕಥೆ ಇನ್ನೂ ಸ್ವಾರಸ್ಯದ್ದು. ಪಿಎಚ್ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ, ಹೆಚ್ಚಿನ ಬೆಳೆಗಳ ಬೇರಿನ ತುದಿಗೆ ಅದು ವಿಷ. ನಿಮ್ಮ ಬದನೆ ಬೇರು ಮೊಂಡಾಗಿದ್ದರೆ ಇದನ್ನೂ ಅನುಮಾನಿಸಿ. ಆದರೆ ಈ ಮಣ್ಣಿನಲ್ಲೇ ಹುಟ್ಟಿ ಬೆಳೆದ ಕೆಲವು ಗಿಡಗಳು ಅದನ್ನು ಹೀರಿ ಎಲೆಯಲ್ಲಿ ತುಂಬಿಟ್ಟುಕೊಳ್ಳುತ್ತವೆ. ಶೋಲಾ, ಅಂದರೆ ಎತ್ತರದ ಗುಡ್ಡದ ಮಡಿಕೆಗಳಲ್ಲಿರುವ ದಟ್ಟ ಕಾಡಿನ ಅಂಚಿನಲ್ಲಿ ಸಿಗುವ ಲೋಧ್ರದ ಬಳಗ, ದಾರಿ ಬದಿಯಲ್ಲಿ ನೇರಳೆ ಹೂ ಬಿಡುವ ನೆಕ್ಕರಿಕ ಈ ಗುಂಪಿನವು. ಲೋಧ್ರದ ಬಳಗದ ಒಣಗಿದ ಎಲೆಯ ತೂಕದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಅಲ್ಯೂಮಿನಿಯಂ ಇರುವುದುಂಟು. ಬಟ್ಟೆಗೆ ಬಣ್ಣ ಕಚ್ಚಿಸಲು ಹಿಂದಿನವರು ಲೋಧ್ರದ ತೊಗಟೆ ಬಳಸುತ್ತಿದ್ದದ್ದು ಇದೇ ಕಾರಣಕ್ಕೆ, ಪಟಿಕದ (ಆಲಂ) ಕೆಲಸವನ್ನು ಅದು ಮಾಡುತ್ತಿತ್ತು. ಚಹಾ ಗಿಡವೂ ಅಲ್ಯೂಮಿನಿಯಂ ಪ್ರಿಯ, ಅದರ ಬಲಿತ ಹಳೆಯ ಎಲೆಯಲ್ಲಿ ಇದು ತುಂಬಿರುತ್ತದೆ. ನಿಮ್ಮೂರಿನ ಮನೆಗಳ ಅಂಗಳದಲ್ಲಿ ಹೈಡ್ರೇಂಜಿಯ ಇದ್ದರೆ ಹೂವಿನ ಬಣ್ಣ ಗಮನಿಸಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಸಿಕ್ಕಿದರೆ ಅದು ನೀಲಿ, ಬುಡಕ್ಕೆ ಸುಣ್ಣ ಬಿದ್ದರೆ ಗುಲಾಬಿ.

ಇದೇ ಅಲ್ಯೂಮಿನಿಯಂ ಎತ್ತರದ ಗುಡ್ಡಗಳಲ್ಲಿ ಒಂದು ಉಪಕಾರವನ್ನೂ ಮಾಡುತ್ತದೆ. ಕೊಳೆತ ಸಾವಯವ ಅಂಶದ ಜೊತೆ ಗಟ್ಟಿಯಾಗಿ ಬೆಸೆದುಕೊಂಡು, ಸೂಕ್ಷ್ಮಜೀವಿಗಳ ಬಾಯಿಗೆ ಸಿಗದಂತೆ ಅದನ್ನು ಕಾಪಾಡುತ್ತದೆ. ಮೇಲಿನ ತಂಪು ಹವೆಯೂ ಸೇರಿಕೊಂಡು ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ. ಎತ್ತರಕ್ಕೆ ಹೋದಂತೆ ಮಣ್ಣು ಕಪ್ಪಾಗುತ್ತ ಹೋಗುವುದನ್ನು ನೀವೇ ನೋಡಿರಬಹುದು. ಈ ಕಪ್ಪು ಕಾಡಿನೊಳಗೆ ಮಾತ್ರ ಇದೆ ಎಂದುಕೊಳ್ಳಬೇಡಿ, ನೀವು ಬರಡು ಎಂದುಕೊಂಡ ಹುಲ್ಲಿನ ಕೆಳಗೂ ಇದೆ.

ಹುಲ್ಲುಗಾವಲಿನ ಅಂಚಿನಲ್ಲಿ ಕೊರೆದ ಧರೆ ಸಿಕ್ಕಿದರೆ ಅದನ್ನೂ ನೋಡಿ. ಬಂಡೆ ಮೇಲೆದ್ದ ಕಡೆ ಮಣ್ಣು ತೆಳು, ನಿಜ. ಉಳಿದೆಡೆ ಕಾಡಿನ ಮಣ್ಣಿನಷ್ಟೇ ಕಪ್ಪಾದ ಮೇಲ್ಪದರ ಕಾಣುತ್ತದೆ, ಅದರ ತುಂಬ ಹುಲ್ಲಿನ ಬೇರು ಚಾಪೆಯಂತೆ ಹೆಣೆದಿರುತ್ತದೆ. ಕಾಡು ತನ್ನ ಆಸ್ತಿಯ ದೊಡ್ಡ ಪಾಲನ್ನು ನೆಲದ ಮೇಲೆ ಕಾಂಡ, ಕೊಂಬೆಗಳಲ್ಲಿ ಇಡುತ್ತದೆ. ಹುಲ್ಲುಗಾವಲು ಬಹುತೇಕ ಎಲ್ಲವನ್ನೂ ನೆಲದೊಳಗೆ ಇಡುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಹುಲ್ಲು ಸಾಯದಿರುವುದಕ್ಕೆ ಇದೇ ಕಾರಣ. ಅದರ ಮೊಗ್ಗು ನೆಲಮಟ್ಟದಲ್ಲಿ ಅಥವಾ ಅದಕ್ಕೂ ಕೆಳಗೆ ಇರುತ್ತದೆ, ಹುಲ್ಲುಬೆಂಕಿಯ ಬಿಸಿ ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಆರಿಹೋಗುತ್ತದೆ. ನಾಲ್ಕು ಮಳೆ ಬಿದ್ದರೆ ಗುಡ್ಡ ಮತ್ತೆ ಹಸಿರು. ಅದೇ ಬೆಂಕಿಗೆ ಮೊಳಕಾಲುದ್ದದ ಕಾಡುಮರದ ಸಸಿ ಉಳಿಯುವುದಿಲ್ಲ.

ಹಾಗಾದರೆ ಹಿಂದೆ ಅಲ್ಲಿ ಕಾಡಿತ್ತೇ? ಎತ್ತರದ ಶೋಲಾ ಹುಲ್ಲುಗಾವಲುಗಳ ವಿಷಯದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಸಾಕ್ಷ್ಯ ನೀಲಗಿರಿಯ ಜೌಗು ನೆಲಗಳಲ್ಲಿ ಸಿಕ್ಕಿದೆ. ಜೌಗಿನಲ್ಲಿ ಸಸ್ಯಗಳ ಉಳಿಕೆ ಪೂರ್ತಿ ಕೊಳೆಯದೆ ವರ್ಷದ ಮೇಲೆ ವರ್ಷ ಪೇರುತ್ತ ಹೋಗುತ್ತದೆ, ಅದಕ್ಕೆ ಪೀಟ್ ಎನ್ನುತ್ತಾರೆ. ಮರಗಳೂ ಉಷ್ಣವಲಯದ ಹುಲ್ಲುಗಳೂ ಗಾಳಿಯಿಂದ ಇಂಗಾಲ ಹೀರುವ ದಾರಿ ಬೇರೆ ಬೇರೆ, ಹಾಗಾಗಿ ಅವುಗಳ ದೇಹದಲ್ಲಿ ಇಂಗಾಲ-13 ಎಂಬ ಭಾರದ ಇಂಗಾಲದ ಪ್ರಮಾಣವೂ ಬೇರೆ. ಹುಲ್ಲಿನಲ್ಲಿ ಅದು ಹೆಚ್ಚು, ಮರದಲ್ಲಿ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಪೀಟ್ ಪದರಗಳಲ್ಲಿ ಈ ಪ್ರಮಾಣ ಅಳೆದು 1993ರಲ್ಲಿ ಪ್ರಕಟಿಸಿದರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಅಲ್ಲಿ ಹುಲ್ಲಿನದೇ ಮೇಲುಗೈ. ಆಮೇಲೆ ಹವೆ ಬೆಚ್ಚಗಾಗಿ ಮಳೆ ಹೆಚ್ಚಿದಾಗ ಮರಗಳು ಹಬ್ಬಿದವು, ಒಣ ಕಾಲ ಬಂದಾಗ ಮತ್ತೆ ಹುಲ್ಲು ಮುಂದೆ ಬಂತು. ಕಾಡು ಕಡಿದು ಉಳುವ ಜನ ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನ ಮಾತಿದು. ಕುದುರೆಮುಖ, ಬಾಬಾಬುಡನ್‌ಗಿರಿ ನೀಲಗಿರಿಯಷ್ಟು ಎತ್ತರದವಲ್ಲ, ಆದರೆ ಕಾಡು–ಹುಲ್ಲಿನ ಈ ಜೋಡಿ ಒಂದೇ ಬಗೆಯದು.

ಇವತ್ತಿಗೂ ಮರಗಳು ಮಡಿಕೆ ಬಿಟ್ಟು ಮೇಲೆ ಹತ್ತದಿರುವುದಕ್ಕೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ನೀಲಗಿರಿಯ ಮೇಲ್ಭಾಗದಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಎಳೆ ಸಸಿ ಸುಟ್ಟುಹೋಗುತ್ತದೆ. ಕಾಡಿನ ಮೇಲ್ಛಾವಣಿಯ ಕೆಳಗೆ ಆ ತೊಂದರೆ ಇಲ್ಲ. ನಮ್ಮ ಚಿಕ್ಕಮಗಳೂರು ಕಡೆ ಹೆಪ್ಪಿಗಿಂತ ಗಾಳಿ, ಬರ ಮತ್ತು ಬೆಂಕಿಯ ಕೈವಾಡ ಹೆಚ್ಚು ಎಂದು ನನ್ನ ಅಭಿಪ್ರಾಯ. ಜೂನ್–ಜುಲೈಯಲ್ಲಿ ಸಮುದ್ರದ ಕಡೆಯಿಂದ ನುಗ್ಗುವ ಗಾಳಿಗೆ ತೆರೆದ ನೆತ್ತಿಯಲ್ಲಿ ಸಸಿ ನೆಟ್ಟಗೆ ನಿಲ್ಲುವುದೇ ಕಷ್ಟ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅದೇ ನೆಲ ಒಣಗಿ ಬಿರಿಯುತ್ತದೆ. ಮಡಿಕೆಯಲ್ಲಾದರೋ ಮೇಲಿನಿಂದ ಜಾರಿ ಬಂದ ಮಣ್ಣು ಆಳವಾಗಿ ನಿಂತಿರುತ್ತದೆ, ಒರತೆಯ ತೇವ ಬೇಸಿಗೆಯಲ್ಲೂ ಉಳಿಯುತ್ತದೆ, ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ.

ಶೋಲಾ ಮರಗಳ ಸ್ವಭಾವವೂ ಇದಕ್ಕೆ ತಕ್ಕಂತಿದೆ. ಕುಳ್ಳ ಮೈ, ಒತ್ತೊತ್ತಾದ ತಲೆ, ಸಣ್ಣ ದಪ್ಪ ತೊಗಲಿನಂಥ ಎಲೆ. ನೇರಳೆ ಬಳಗದವು, ಕಾಡುದಾಲ್ಚಿನ್ನಿ, ಕಾಡುಸಂಪಿಗೆ, ರುದ್ರಾಕ್ಷಿಯ ನೆಂಟರು ಅಲ್ಲಿ ಸಿಗುತ್ತವೆ. ಇವುಗಳಲ್ಲಿ ಹಲವು ಚಿಗುರುವಾಗ ಇಡೀ ಮರ ಕೆಂಪಾಗುತ್ತದೆ. ಕೊಂಬೆಗಳ ಮೇಲೆ ಪಾಚಿ, ಕಲ್ಲುಹೂ, ಜರೀಗಿಡ, ಸೀತಾಳೆಗಳು ಮಂಜಿನ ಹನಿ ಹಿಡಿದು ಕೆಳಗಿಳಿಸುತ್ತವೆ. ಇವುಗಳ ಬೀಜ ಮಾತ್ರ ಬಹಳ ನಾಜೂಕು. ಒಣಗಿದರೆ ಸತ್ತಂತೆ. ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ನೆರಳಿನ ತೇವದ ದರಕಿನಲ್ಲಿ ಮೊಳೆತರೆ ಉಂಟು, ಇಲ್ಲದಿದ್ದರೆ ಇಲ್ಲ. ಬೀಜದುಂಡೆ ಬೇಡ ಎಂದದ್ದಕ್ಕೆ ಇದೂ ಕಾರಣ. ಮಣ್ಣುಂಡೆಯಲ್ಲಿ ಒಣಗಿಸಿಟ್ಟು ತಿಂಗಳ ಮೇಲೆ ಬಿಸಿಲ ಗುಡ್ಡಕ್ಕೆ ಎಸೆದ ಶೋಲಾ ಬೀಜ ಹುಟ್ಟುವುದಿಲ್ಲ. ಹಾಗೆ ಎಸೆದೂ ಹುಟ್ಟುವ ಬೀಜ ಯಾವುದೋ, ಅದು ಅಲ್ಲಿ ಹುಟ್ಟಬಾರದ ಬೀಜವಾಗಿರುವ ಸಂಭವವೇ ಹೆಚ್ಚು.

ಹುಲ್ಲು ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಮೊಣಕಾಲೂರಿ ನೋಡಿದರೆ ಅಲ್ಲೊಂದು ಬೇರೆಯೇ ಲೋಕವಿದೆ. ಕಾಚಿಹುಲ್ಲಿನಂಥ ಹತ್ತಾರು ಹುಲ್ಲುಗಳು, ಗಿಡ್ಡ ಈಚಲು, ನೆಲದ ಆರ್ಕಿಡ್‌ಗಳು, ಕರ್ಣಕುಂಡಲದ ಬಳಗ. ಕುರಿಂಜಿ ಜಾತಿಗಳಲ್ಲಿ ಕೆಲವು ಹಲವು ವರ್ಷ ಸುಮ್ಮನಿದ್ದು ಒಮ್ಮೆಲೇ ಹೂ ಬಿಟ್ಟು ಸಾಯುತ್ತವೆ. ನೀಲಕುರಿಂಜಿಯದು 12 ವರ್ಷದ ಲೆಕ್ಕ, ಮುನ್ನಾರ್ ಕಡೆ 2006ರಲ್ಲಿ ಮತ್ತು 2018ರಲ್ಲಿ ಗುಡ್ಡಗಟ್ಟಲೆ ಅರಳಿತು. ಮಳೆಗಾಲದಲ್ಲಿ ಹಾಸುಬಂಡೆಯ ಮೇಲೆ ನೀರು ಜಿನುಗುವ ಕಡೆ ಡ್ರೊಸೆರಾ, ಯುಟ್ರಿಕ್ಯುಲೇರಿಯದಂಥ ಕೀಟಾಹಾರಿ ಗಿಡಗಳು ಸಿಗುತ್ತವೆ. ಅಂಗುಲದಷ್ಟೂ ಮಣ್ಣಿಲ್ಲದ, ಸಾರಜನಕ ಎಲ್ಲ ತೊಳೆದುಹೋದ ಜಾಗದಲ್ಲಿ ಅವು ಹುಳ ಹಿಡಿದು ಆ ಕೊರತೆ ತುಂಬಿಕೊಳ್ಳುತ್ತವೆ. ಇವೆಲ್ಲ ಬಿಸಿಲಿನ ಜೀವಗಳು. ಮರದ ನೆರಳು ಬಿದ್ದರೆ ಕೆಲವೇ ವರ್ಷದಲ್ಲಿ ಇಲ್ಲವಾಗುತ್ತವೆ.

ಎಲ್ಲ ಹುಲ್ಲುಗುಡ್ಡವೂ ಇಂಥದ್ದೇ ಎಂದು ನಾನು ಹೇಳುತ್ತಿಲ್ಲ. ಊರಿನ ಹತ್ತಿರದ, ಕೆಳಮಟ್ಟದ ಬೇಣಗಳಲ್ಲಿ ಹಲವು ನಿಜಕ್ಕೂ ಕಾಡು ಕಡಿದು, ವರ್ಷವೂ ಬೆಂಕಿ ಹಾಕಿ, ದನ ಮೇಯಿಸಿ ಆದವು. ಅಲ್ಲಿ ಕೌಲು, ನೆಲ್ಲಿ, ಅಳಲೆಯಂಥ ಬೆಂಕಿಗೆ ಜಗ್ಗದ ಮರಗಳು ಚದುರಿ ನಿಂತಿರುತ್ತವೆ, ಹಳೆಯ ಬುಡಗಳು ಪ್ರತಿ ಮಳೆಗೆ ಚಿಗುರುತ್ತಿರುತ್ತವೆ. ಅಂಥ ಕಡೆ ಬೆಂಕಿ ಮತ್ತು ಮೇವು ತಡೆದರೆ ಸಾಕು, ಮರ ತಾನೇ ಏಳುತ್ತದೆ. ನೀವು ಕೇಳುತ್ತಿರುವುದು ಶೋಲಾ ಮಡಿಕೆಗಳ ಮೇಲಿನ ಎತ್ತರದ ಇಳಿಜಾರಿನ ಬಗ್ಗೆ. ಅಲ್ಲಿ ಕಾಡಿನ ಅಂಚು ಗೆರೆ ಎಳೆದಂತೆ ಸ್ಪಷ್ಟ, ಹುಲ್ಲಿನ ನಡುವೆ ಹಳೆಯ ಬುಡದ ಚಿಗುರು ಇರುವುದಿಲ್ಲ, ನೆಲದ ಹೂಗಿಡಗಳ ವೈವಿಧ್ಯ ಹೆಚ್ಚು. ಈ ಮೂರೂ ಕಂಡರೆ ಅದನ್ನು ಹಳೆಯ ಹುಲ್ಲುಗಾವಲು ಎಂದೇ ತಿಳಿಯಿರಿ.

ನೆಟ್ಟರೆ ಏನಾಗುತ್ತದೆ ಎಂದು ಊಹಿಸಬೇಕಾಗಿಲ್ಲ, ನೀಲಗಿರಿಯಲ್ಲಿ ನೂರೆಂಬತ್ತು ವರ್ಷಗಳ ಅನುಭವವೇ ಇದೆ. 1840ರ ದಶಕದಲ್ಲಿ ಅಲ್ಲಿಗೆ ಆಸ್ಟ್ರೇಲಿಯಾದ ನೀಲಗಿರಿ ಮರ ಮತ್ತು ಅಕೇಶಿಯ ಬಳಗದ ವ್ಯಾಟಲ್ ಬಂದವು. ಸೌದೆಗೆಂದು, ಆಮೇಲೆ ಕಾರ್ಖಾನೆಗಳಿಗೆಂದು ಹುಲ್ಲುಗಾವಲಿನ ಮೇಲೆ ಹಬ್ಬಿಸಿದರು. ವ್ಯಾಟಲ್ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಗಿಡ. ಕೇಳಲು ಲಾಭದ ಮಾತು, ಆದರೆ ಬಡ ಮಣ್ಣಿಗೆ ಹೊಂದಿಕೊಂಡ ಹುಲ್ಲು–ಹೂಗಳಿಗೆ ಸಾರಜನಕ ಹೆಚ್ಚಾಗುವುದೇ ತೊಂದರೆ, ಆ ನೆಲಕ್ಕೆ ಬೇರೆ ಕಳೆಗಳು ನುಗ್ಗುತ್ತವೆ. ಅದರ ಬೀಜಕ್ಕೆ ಗಟ್ಟಿ ಸಿಪ್ಪೆ, ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತದೆ. ಬೆಂಕಿ ಬಿದ್ದರೆ ಸಿಪ್ಪೆ ಬಿರಿದು ಸಾವಿರಗಟ್ಟಲೆ ಒಟ್ಟಿಗೆ ಮೊಳೆಯುತ್ತದೆ. ಒಮ್ಮೆ ಬಂದರೆ ಕಡಿದಷ್ಟಕ್ಕೆ ಹೋಗುವುದಿಲ್ಲ.

ನೀರಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಎರಡು ಪುಟ್ಟ ಜಲಾನಯನಗಳನ್ನು ಹೋಲಿಸಿ ನೋಡಿದರು. ಒಂದನ್ನು ಹಾಗೇ ಹುಲ್ಲುಗಾವಲಾಗಿ ಬಿಟ್ಟರು, ಇನ್ನೊಂದರ ಹುಲ್ಲಿನ ಭಾಗಕ್ಕೆ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷದ ಸುತ್ತಿನಲ್ಲೇ ಮರ ನೆಟ್ಟ ಕಡೆ ಹಳ್ಳಕ್ಕೆ ಬರುವ ನೀರು ಸರಾಸರಿ ಶೇಕಡಾ 16ರಷ್ಟು ಇಳಿಯಿತು. ಬೇಸಿಗೆಯಲ್ಲಿ ಹುಲ್ಲು ಒಣಗಿ ಸುಮ್ಮನಾಗುತ್ತದೆ, ಆಗ ಅದು ನೀರು ಕುಡಿಯುವುದು ತೀರಾ ಕಡಿಮೆ. ಬೇಗ ಬೆಳೆಯುವ ಹಸಿರು ಮರ ವರ್ಷವಿಡೀ ಆಳದಿಂದ ಎಳೆಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ನಿಮ್ಮ ಸುತ್ತಿನ ಈ ಗುಡ್ಡಸಾಲಿನಲ್ಲೇ ಹುಟ್ಟುತ್ತವೆ. ನಿಮ್ಮ ಹಳ್ಳದಲ್ಲಿ ಏಪ್ರಿಲ್‌ನಲ್ಲೂ ನೀರಿದ್ದರೆ ಅದರಲ್ಲಿ ಈ ಹುಲ್ಲಿನ ಪಾಲು ದೊಡ್ಡದು. ಇಳಿಜಾರಿನ ಹುಲ್ಲು ಕಿತ್ತು ಜೆಸಿಬಿಯಲ್ಲಿ ಇಂಗುಗುಂಡಿ ತೋಡುವ ಯೋಚನೆ ಯಾರಾದರೂ ತಂದರೆ ದಯವಿಟ್ಟು ಒಪ್ಪಬೇಡಿ. ಆ ಬೇರಿನ ಹೆಣಿಗೆ ಕಿತ್ತುಬಂದ ಜಾಗದಲ್ಲೇ ಮಣ್ಣು ಕೊಚ್ಚಿಹೋಗಲು ಶುರುವಾಗುವುದು.

ಇನ್ನು ಸಂಘದ ಕೆಲಸ. ಶೋಲಾದ ಅಂಚೇ ಕಾಡಿಗೆ ಅತಿ ದುರ್ಬಲ ಜಾಗ. ಆ ಮರಗಳ ತೊಗಟೆ ತೆಳು, ಹುಲ್ಲಿನ ಬೆಂಕಿ ಪ್ರತಿ ವರ್ಷ ಬಂದು ತಾಗಿದರೆ ಅಂಚು ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತದೆ. ಜನವರಿಯಲ್ಲೇ ಅರಣ್ಯ ಇಲಾಖೆಯವರ ಜೊತೆ ಸೇರಿ ಶೋಲಾ ಸುತ್ತ ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಮಾಡುವುದಕ್ಕೆ ನಿಮ್ಮ ಯುವಕರು ನಿಂತರೆ, ಸಾವಿರ ಸಸಿ ನೆಟ್ಟದ್ದಕ್ಕಿಂತ ಹೆಚ್ಚಿನ ಕಾಡು ಉಳಿಯುತ್ತದೆ.

ಎರಡನೆಯದು, ಹುಲ್ಲಿನಲ್ಲಿ ಅಲ್ಲಲ್ಲಿ ಹೊಸದಾಗಿ ಹುಟ್ಟಿದ ಅಕೇಶಿಯ, ಸಿಲ್ವರ್ ಓಕ್ ಸಸಿಗಳನ್ನು ಕೀಳುವುದು. ಮಳೆ ಬಂದು ನೆಲ ಮೆತ್ತಗಾದಾಗ ಬೇರು ಸಮೇತ ಕೈಯಲ್ಲೇ ಬರುತ್ತವೆ. ಅವು ಹೂ ಬಿಡುವ ವಯಸ್ಸಿಗೆ ಮೊದಲೇ ಕೀಳಬೇಕು, ಬೀಜ ನೆಲಕ್ಕೆ ಬಿದ್ದ ಮೇಲೆ ಕೆಲಸ ಹತ್ತು ಪಟ್ಟಾಗುತ್ತದೆ. ಬಲಿತ ನೆಡುತೋಪು ಶೋಲಾ ಅಂಚಿಗೇ ತಾಗಿದ್ದರೆ ಮಾತ್ರ ಒಮ್ಮೆಲೇ ಬೋಳಿಸಲು ಒತ್ತಾಯಿಸಬೇಡಿ. ಹಳೆಯ ವ್ಯಾಟಲ್ ನೆರಳಿನಲ್ಲಿ ಹಕ್ಕಿಗಳು ತಂದ ಶೋಲಾ ಬೀಜ ಮೊಳೆತು ಸಸಿಗಳಾದದ್ದನ್ನು ನೀಲಗಿರಿ ಕಡೆ ಕಂಡಿದ್ದಾರೆ. ಅಂಥ ಕಡೆ ಮೊದಲು ಒಳಗೆ ಹೋಗಿ ನೋಡಿ. ಕೆಳಗೆ ನೇರಳೆ, ದಾಲ್ಚಿನ್ನಿ ಸಸಿ ಎದ್ದಿದ್ದರೆ ಮೇಲಿನ ಮರವನ್ನು ವರ್ಷಕ್ಕಿಷ್ಟೆಂದು ನಿಧಾನವಾಗಿ ತೆಗೆಯುವುದು ಲೇಸು.

ನೆಡಲೇಬೇಕೆಂಬ ಆಸೆ ಇದ್ದರೆ ಅದಕ್ಕೂ ಜಾಗವಿದೆ. ಧರೆ ಕುಸಿದು ಬೋಳಾದ ಶೋಲಾ ಮಡಿಕೆ, ಹಳ್ಳದ ದಂಡೆ, ಕೆಳಗಿನ ಪಾಳುಬಿದ್ದ ತೋಟದ ಜಾಗ. ಮೊದಲು ಉಪ್ಪಳಿಗೆ, ಲೋಧ್ರದಂಥ ಬಿಸಿಲು ತಾಳುವ ಗಿಡ ಬರಲಿ, ಅವುಗಳ ನೆರಳಿನಲ್ಲಿ ಎರಡು ಮೂರು ವರ್ಷದ ನಂತರ ನೇರಳೆ ಬಳಗ, ಕಾಡುಸಂಪಿಗೆ, ಕಾಡುದಾಲ್ಚಿನ್ನಿ ನೆಡಿ. ಬೀಜ ಆ ಗುಡ್ಡದ್ದೇ ಇರಲಿ. ಹಣ್ಣು ಉದುರಿದ ಕೂಡಲೇ ಆಯ್ದು, ತಿರುಳು ತೊಳೆದು, ಒಣಗಿಸದೆ ಆ ವಾರದಲ್ಲೇ ಚೀಲಕ್ಕೆ ಹಾಕಬೇಕು. ಚೀಲದ ಮಣ್ಣಿಗೆ ಅದೇ ತಾಯಿಮರದ ಬುಡದ ದರಕು ಮಣ್ಣು ಒಂದು ಹಿಡಿ ಬೆರೆಸಿದರೆ ಶಿಲೀಂಧ್ರವೂ ಜೊತೆಗೆ ಬರುತ್ತದೆ. ಕಾಡಿನ ಮಣ್ಣು ತರಬೇಡಿ ಎಂದವನೇ ಇಲ್ಲಿ ಒಂದು ಹಿಡಿಗೆ ಒಪ್ಪುತ್ತಿದ್ದೇನೆ, ಏಕೆಂದರೆ ಅದು ಸಸಿಯ ಜೊತೆ ಮತ್ತೆ ಕಾಡಿಗೇ ಹೋಗುತ್ತದೆ. ಬೀಜಕ್ಕಾಗಲಿ ಆ ಹಿಡಿ ಮಣ್ಣಿಗಾಗಲಿ ಮೊದಲೇ ವಲಯ ಅರಣ್ಯಾಧಿಕಾರಿಗಳ ಲಿಖಿತ ಅನುಮತಿ ಪಡೆಯಿರಿ. ರಾಷ್ಟ್ರೀಯ ಉದ್ಯಾನದ ಗಡಿಯೊಳಗಿನದ್ದಾದರೆ ಅದಕ್ಕೂ ಮೇಲಿನ ಹಂತದ ಅನುಮತಿ ಬೇಕಾಗುತ್ತದೆ, ಆ ವಿಷಯವನ್ನು ಅವರಲ್ಲೇ ವಿಚಾರಿಸಿ.